ಯೀಸ್ಟ್ ಒಲ್ಲದ ಸಕ್ಕರೆ

ಎರವಲು ತಂದ ಗರಗಸವನ್ನು ಅದರ ಹಲ್ಲು ಹರಿತಗೊಳಿಸಿ ಹಿಂದಿರುಗಿಸುವವನು. ಮೂವತ್ತನಾಲ್ಕು ವರ್ಷ ಧಾನ್ಯ ತುಂಬಿಡುವ ಗೋಪುರಗಳ ಬುಡದಲ್ಲಿ ತೂಕದ ಕಟ್ಟೆಯ ಪಕ್ಕ ಕುಳಿತು, ಗುರುತಿನವನ ಲಾರಿಗೂ ಗುರುತಿಲ್ಲದವನ ಲಾರಿಗೂ ಒಂದೇ ಕಣ್ಣಿನಿಂದ ಮುಳ್ಳು ನೋಡಿದವನು. ಭಾನುವಾರದ ಪ್ರಾರ್ಥನೆಯಲ್ಲಿ ರಾಗ ಬಾರದಿದ್ದರೂ ಪುಸ್ತಕ ಹಿಡಿದು ನಿಷ್ಠೆಯಿಂದ ತುಟಿ ಅಲುಗಿಸುವವನು. ಅಚ್ಚಾದ ಮಾತನ್ನು ಆಣೆಯೆಂದು ನಂಬಿ, ಔಷಧದ ಸೀಸೆಯ ಮೇಲೆ ಮೂರು ಸಲ ಅಲುಗಾಡಿಸಿ ಎಂದಿದ್ದರೆ ನಾಲ್ಕನೆಯ ಸಲ ಅಲುಗಾಡಿಸದವನು. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳಲು ನಾಚದವನು. ಹೆಂಡತಿ ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಹಿಡಿದ ದಿನದಿಂದ ಅವಳ ಕೂದಲನ್ನು ತಾನೇ ಬಾಚಿ, ಬೈತಲೆ ಸೊಟ್ಟಗಾದರೆ ಮತ್ತೆ ಬಾಚುವವನು. ಇಷ್ಟು ಗುಣಗಳ ಒಡೆಯನಾದ ಆ ಮನುಷ್ಯ ಮೂಂಟಾ ಊರಿನ ಲೈಲ್ ನ್ಯಾನ್ಕಿವೆಲ್. ಅವನಲ್ಲಿ ಒಂದೇ ಒಂದು ಕೊರತೆಯಿತ್ತು. ಅವನು ಮನೆಯಲ್ಲಿ ತಯಾರಿಸುತ್ತಿದ್ದ ಬಿಯರು ಬಾಯಿಗಿಡುವಂತಿರಲಿಲ್ಲ. ಈ ಸಂಗತಿ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಲೈಲ್ ಒಬ್ಬನೇ.

ತಯಾರಿಯ ಕ್ರಮದಲ್ಲಿ ಅವನು ಎಂದೂ ತಪ್ಪಿದವನಲ್ಲ. ಡಬ್ಬಿಯಲ್ಲಿ ಬರುವ ಕಪ್ಪು ಪಾಕವನ್ನು ದೊಡ್ಡ ಬಕೆಟ್ಟಿಗೆ ಸುರಿದು, ಬಿಸಿನೀರಿನಲ್ಲಿ ಕದಡಿ, ಡಬ್ಬಿಯ ಮೇಲೆ ಅಚ್ಚಾಗಿರುವಂತೆ ಒಂದು ಕಿಲೋ ಸಕ್ಕರೆಯನ್ನು ಗ್ರಾಮೂ ಹೆಚ್ಚುಕಡಿಮೆಯಾಗದಂತೆ ತೂಗಿ ಹಾಕಿ, ಇಪ್ಪತ್ತಮೂರು ಲೀಟರಿನ ಗೆರೆಯವರೆಗೆ ತಣ್ಣೀರು ತುಂಬಿ, ಯೀಸ್ಟನ್ನು ಉದುರಿಸಿ ಮುಚ್ಚುತ್ತಿದ್ದನು. ಹನ್ನೊಂದು ವರ್ಷಗಳಿಂದ ಇದೇ ವಿಧಿ.

ನೆರೆಮನೆಯ ಬಡಗಿ ಮರ್ವಿನ್ ಪ್ಯಾಸ್ಕೊ ಬೇಸಿಗೆಯಲ್ಲಿ ಎರಡು ವಾರ ಬಿಸಿಲಿನಲ್ಲಿ ಬೆಂದು, ಲೈಲನ ಹೆಂಡತಿ ವರ್ನಾಳ ಗಾಲಿಕುರ್ಚಿ ಮನೆಯಿಂದ ಅಂಗಳಕ್ಕೆ ಇಳಿಯುವಂತೆ ಮರದ ಇಳಿಜಾರನ್ನು ಕಟ್ಟಿಕೊಟ್ಟಿದ್ದನು. ಕೂಲಿಯ ಮಾತೆತ್ತಿದಾಗ, "ದುಡ್ಡಾ? ಬಾಯಿ ಮುಚ್ಚು. ಒಂದು ಪೆಟ್ಟಿಗೆ ಬಿಯರ್ ಕೊಡು, ಸಾಕು," ಎಂದಿದ್ದನು. ಆ ಊರಿನಲ್ಲಿ ಗೆಳೆಯರ ಬೆವರಿಗೆ ಸಲ್ಲುವ ಕಾಣಿಕೆ ಅದೊಂದೇ. ಲೈಲ್ ತನ್ನ ಕೈಯ ಬಿಯರನ್ನೇ ಎರಡು ಡಜನ್ ಉದ್ದ ಸೀಸೆಗಳಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಹಗುರಾಗಿದ್ದನು.

ಮಾರ್ಚ್ ತಿಂಗಳ ಒಂದು ಬೆಳಗ್ಗೆ ಲೈಲ್ ಉಳಿಯೊಂದನ್ನು ಹಿಂದಿರುಗಿಸಲು ಬೇಲಿಯ ಮೇಲಿಂದ ಬಾಗಿದಾಗ ಪ್ಯಾಸ್ಕೊನ ತೋಟದ ಮಡಿಯಲ್ಲಿ ಸಾಲಾಗಿ ತಟ್ಟೆಗಳು ಕಂಡವು. ತಟ್ಟೆಗಳ ತುಂಬ ಕಂದು ನೀರು. ನೀರಿನಲ್ಲಿ ಮುಳುಗಿ ಸತ್ತ ಬಸವನಹುಳುಗಳು. ಪಕ್ಕದಲ್ಲಿ ತನ್ನದೇ ಪೆನ್ಸಿಲಿನ ತಾರೀಖು ಹೊತ್ತ ಸೀಸೆ.

"ಮರ್ವ್, ಇದು ನನ್ನ ಬಿಯರ್ ಅಲ್ವೇನೋ?"

ಪ್ಯಾಸ್ಕೊನ ಕಿವಿಗಳು ಕೆಂಪಾದವು. "ಹುಳಗಳಿಗೆ ಭಾರೀ ಇಷ್ಟ ಕಣೋ. ಸೊಪ್ಪು ಬಿಟ್ಟು ಇದಕ್ಕೇ ಬಂದು ಬೀಳ್ತವೆ."

"ನೀನೆಷ್ಟು ಕುಡ್ದೆ?"

"ಒಂದು. ದೇವರಾಣೆ, ಪೂರ್ತಿ ಒಂದು ಸೀಸೆ ಕುಡ್ದೆ."

"ಮಿಕ್ಕಿದ್ದು?"

"ಈ ಸಲ ಲೆಟಿಸ್ ಸೊಪ್ಪು ಚೆನ್ನಾಗಿ ಬಂದಿದೆ," ಎಂದ ಪ್ಯಾಸ್ಕೊ, ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡನು. "ಬೇಜಾರು ಮಾಡ್ಕೋಬೇಡ ಮಾರಾಯ. ಹುಳಿ ಹತ್ತಿದ ಸೇಬು ತೊಳೆದ ನೀರು ಕುಡ್ದ ಹಾಗಿತ್ತು. ಹೇಗಪ್ಪಾ ಹೇಳೋದು ನಿನಗೆ?"

ಲೈಲ್ ಉಳಿಯನ್ನು ಬೇಲಿಯ ಮೇಲಿಟ್ಟು ಮನೆಗೆ ಬಂದನು. ಅವನನ್ನು ಕಾಡಿದ್ದು ಅವಮಾನಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಸಿಗದ ಒಂದು ಶೂನ್ಯ. ಎರಡು ವಾರದ ದುಡಿಮೆಗೆ ತಾನು ಸಲ್ಲಿಸಿದೆನೆಂದುಕೊಂಡ ಕೃತಜ್ಞತೆ ಗೆಳೆಯನಿಗೆ ತಲುಪಿಯೇ ಇರಲಿಲ್ಲ.

"ಅಂಗಡಿಯಿಂದ ಒಂದು ಪೆಟ್ಟಿಗೆ ತಂದು ಕೊಡು, ಮುಗೀತು," ಎಂದಳು ವರ್ನಾ.

"ಅವನು ಕೈಯಲ್ಲಿ ಬೊಬ್ಬೆ ಏಳೋ ಹಾಗೆ ಮರಕ್ಕೆ ಕೀಸುಳಿ ಹಾಕಿದ. ನಾನು ಅಂಗಡಿಗೆ ಹೋಗಿ ಬಂದೆ ಅಂದ್ರೆ ಸರಿ ಹೋಯ್ತಾ?"

"ಜೂನ್ ಹುಟ್ಟಿ ಚಳಿ ಶುರುವಾದ್ರೆ ಅವನು ಕಾರಿನ ಹಿಂದೆ ಕ್ಯಾರವಾನ್ ಮನೆ ಕಟ್ಕೊಂಡು ಬೆಚ್ಚಗಿರೋ ಉತ್ತರಕ್ಕೆ ಹೊರಡ್ತಾನೆ, ನೆನಪಿದೆ ತಾನೆ? ಚಳಿಗಾಲ ಮುಗಿಯೋವರೆಗೂ ಈ ಕಡೆ ತಲೆ ಹಾಕಲ್ಲ."

"ಅಷ್ಟರೊಳಗೆ ನಾನೇ ಒಳ್ಳೇ ಬಿಯರ್ ಮಾಡಿ ಕೊಡ್ತೀನಿ. ಆದ್ರೆ ವರ್ನಾ, ಒಂದು ಕಿಲೋ ಸಕ್ಕರೆ ಹಾಕ್ತೀನಲ್ಲ, ಬಿಯರ್ ಒಂಚೂರೂ ಸಿಹಿ ಇರಲ್ಲ. ಅದೆಲ್ಲ ಎಲ್ಲಿಗೆ ಹೋಗುತ್ತೆ?"

ಹನ್ನೊಂದು ವರ್ಷಗಳಲ್ಲಿ ಈ ಪ್ರಶ್ನೆ ತನಗೆ ಹುಟ್ಟದೇ ಇದ್ದುದೇ ಅವನಿಗೆ ವಿಸ್ಮಯವಾಯಿತು.

ಪಕ್ಕದೂರು ಕಡೀನಾದಲ್ಲಿ ಬಿಯರಿನ ಸಾಮಗ್ರಿ ಮಾರುವ ಗ್ಲೆನಿಸ್ ದಪ್ಪ ತೋಳಿನ, ದೊಡ್ಡ ದನಿಯ ಹೆಂಗಸು. ಬಂದವರನ್ನೆಲ್ಲ ಚಿನ್ನ ಎಂದೇ ಕರೆಯುವವಳು. ಲೈಲ್ ತನ್ನ ವಿಧಿಯನ್ನು ಒಪ್ಪಿಸುತ್ತಿದ್ದಂತೆ ಅವಳು ಕೈಯೆತ್ತಿ ತಡೆದಳು.

"ಬಿಳಿ ಸಕ್ಕರೆ? ಇಡೀ ಕಿಲೋನಾ?"

"ಡಬ್ಬಿ ಮೇಲೆ ಹಾಗೇ ಬರ್ದಿದೆ."

"ಡಬ್ಬಿ ಮಾರೋನಿಗೆ ಎಲ್ಲರ ಅಡಿಗೆಮನೇಲೂ ಸಿಗೋ ಸಾಮಾನು ಬೇಕು ಚಿನ್ನ. ಕುಡಿಯೋನು ನೀನು. ಎಲ್ಲಿ, ಬೆರಳು ಚಾಚು."

ಅವಳು ಒಂದು ಮುಚ್ಚಳದ ಮೇಲೆ ಮೂರು ಪುಡಿಗಳ ಚಿಟಿಕೆಯಿಟ್ಟಳು. ಮೊದಲನೆಯದು ನಾಲಿಗೆಯ ಮೇಲೆ ತಣ್ಣಗೆ ಕರಗಿ ಮೆಲ್ಲಗೆ ಸಿಹಿಯಾಯಿತು. "ಡೆಕ್ಸ್‌ಟ್ರೋಸ್. ಯೀಸ್ಟ್ ಇದನ್ನ ತಟ್ಟೆ ನೆಕ್ಕಿದ ಹಾಗೆ ತಿಂದುಹಾಕುತ್ತೆ. ಗ್ಯಾಸು, ಅಮಲು, ಅಷ್ಟೇ. ಹಿಂದೆ ಏನೂ ಉಳಿಸಲ್ಲ." ಎರಡನೆಯದು ಕೆನೆಬಣ್ಣದ್ದು, ಬೆರಳಿಗೆ ಅಂಟಿಕೊಂಡು ಹುರಿದ ಧಾನ್ಯದ ನೆನಪು ತಂದಿತು. "ಒಣ ಮಾಲ್ಟ್, ಮೊಳಕೆ ಬಾರ್ಲಿಯ ಸಾರ. ಇದರಲ್ಲಿ ಯೀಸ್ಟಿಗೆ ಒಂದು ಪಾಲು, ನಿನಗೊಂದು ಪಾಲು." ಮೂರನೆಯದು ಅಚ್ಚಬಿಳಿ. ಲೈಲ್ ಚಪ್ಪರಿಸಿ ಚಪ್ಪರಿಸಿ ಕಾದನು.

"ರುಚೀನೇ ಇಲ್ವಲ್ಲ!"

"ಮಾಲ್ಟೊಡೆಕ್ಸ್‌ಟ್ರಿನ್. ಯೀಸ್ಟ್ ಇದನ್ನ ಮೂಸೂ ನೋಡಲ್ಲ. ಹಾಗೇ ಉಳ್ಕೊಂಡು ಬಿಯರಿಗೆ ಮೈ ಕೊಡುತ್ತೆ, ನೊರೆ ನಿಲ್ಲಿಸುತ್ತೆ. ಮೂರನ್ನೂ ಬೆರೆಸಿ ಒಂದೇ ಚೀಲದಲ್ಲಿ ಮಾರ್ತೀವಿ, ಎನ್‌ಹಾನ್ಸರ್ ಅಂತ. ಕೊಡ್ಲಾ?"

"ಬೇಡ. ಮೂರೂ ಬೇರೆ ಬೇರೆ ಕೊಡು. ಯಾವುದು ಏನು ಮಾಡುತ್ತೆ ಅಂತ ನೋಡ್ಬೇಕು."

"ಅಯ್ಯೋ, ನಿನಗೆ ಹುಚ್ಚು ಹಿಡೀತು ಬಿಡು," ಎಂದು ಗ್ಲೆನಿಸ್ ಸಂತೋಷದಿಂದ ಪೊಟ್ಟಣ ಕಟ್ಟಿದಳು.

ಏಪ್ರಿಲ್ ತಿಂಗಳು ಪರೀಕ್ಷೆಯಲ್ಲಿ ಕಳೆಯಿತು. ಒಂದೇ ಡಬ್ಬಿಯ ಪಾಕವನ್ನು ಲೈಲ್ ಮೂರು ಚಿಕ್ಕ ಬಕೆಟ್ಟುಗಳಿಗೆ ಹಂಚಿ, ಒಂದಕ್ಕೆ ಬಿಳಿ ಸಕ್ಕರೆ, ಇನ್ನೊಂದಕ್ಕೆ ಡೆಕ್ಸ್‌ಟ್ರೋಸ್, ಮತ್ತೊಂದಕ್ಕೆ ಮೂರು ಪುಡಿಗಳ ಬೆರಕೆ ಹಾಕಿದನು. ವರ್ನಾ ಮದ್ಯ ಮುಟ್ಟದ ಪ್ರಾರ್ಥನಾಮಂದಿರದ ಮನೆತನದವಳು. ಜನ್ಮದಲ್ಲಿ ಬಿಯರು ಮುಟ್ಟಿದವಳಲ್ಲ. ಆದರೂ ಕುರ್ಚಿಯನ್ನು ಬಕೆಟ್ಟಿನಿಂದ ಬಕೆಟ್ಟಿಗೆ ಉರುಳಿಸಿಕೊಂಡು ಹೋಗಿ ಮೂಸುತ್ತಿದ್ದಳು. "ಮೂಸೋದು ಪಾಪ ಅಂತ ಎಲ್ಲೂ ಬರ್ದಿಲ್ಲ," ಎನ್ನುವುದು ಅವಳ ಸಮಾಧಾನ. ಮೊದಲನೆಯದರಲ್ಲಿ ಪ್ಯಾಸ್ಕೊ ಹೇಳಿದ ಆ ಹುಳಿ ಸೇಬು ಸ್ಪಷ್ಟವಾಗಿತ್ತು. ಎರಡನೆಯದು ಶುದ್ಧ, ಆದರೆ ನೀರುನೀರು. ಮೂರನೆಯದು ಬಾಯೊಳಗೆ ಬಂದು ಕುಳಿತುಕೊಂಡಿತು. ನುಂಗಿದ ಮೇಲೂ ಎದ್ದು ಹೋಗಲು ಅವಸರಿಸಲಿಲ್ಲ. ಲೈಲ್ ಇನ್ನೊಂದು ಗುಟುಕು ಕುಡಿದನು.

ಆ ಬೆರಕೆಯಿಂದಲೇ ಇಪ್ಪತ್ತಮೂರು ಲೀಟರು ಸಿದ್ಧವಾಗಿ, ಮೇ ಮೊದಲ ವಾರ ಸೀಸೆಗಳಿಗೆ ಇಳಿಯಿತು. ಸೀಸೆಯೊಳಗೆ ಗುಳ್ಳೆಯೇಳಲು ಪ್ರತಿಯೊಂದಕ್ಕೂ ಒಂದು ಚಮಚ ಡೆಕ್ಸ್‌ಟ್ರೋಸ್ ಹಾಕಿ ಬಿರಡೆ ಒತ್ತಬೇಕು. ಲೈಲ್ ಜಾಡಿಯಿಂದ ಒಂದೊಂದೇ ಚಮಚ ಅಳೆದು ಹಾಕಿ, ಬಿರಡೆ ಒತ್ತಿ, ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದನು.

ಮೂರು ವಾರದ ಮೇಲೆ ಒಂದನ್ನು ತೆರೆದರೆ ಉಸಿರೇ ಇಲ್ಲ. ಇನ್ನೊಂದು ತೆರೆದನು, ಅದೂ ಮೂಕ. ಲೋಟಕ್ಕೆ ಸುರಿದರೆ ತಣ್ಣಗಾದ ಚಹಾದಂತೆ ಬಿದ್ದಿತು. ಪ್ಯಾಸ್ಕೊ ಹೊರಡಲು ಒಂಬತ್ತು ದಿನ ಉಳಿದಿತ್ತು.

"ಬಿರಡೆ ಸೋರ್ತಿದೆಯಾ?" ವರ್ನಾ ಕೇಳಿದಳು.

"ನೀರಲ್ಲಿ ಮಲಗಿಸಿ ನೋಡಿದೆ. ಸೋರಲ್ಲ."

"ಯೀಸ್ಟ್ ಸತ್ತಿರಬಹುದಾ?"

"ತಳದಲ್ಲಿದ್ದ ಗಸಿಗೆ ಸಕ್ಕರೆ ನೀರು ಹಾಕಿದೆ, ಗಂಟೆಯೊಳಗೆ ಬುಸುಗುಟ್ಟಿತು. ಜೀವ ಇದೆ. ಆದ್ರೆ ಸೀಸೆಯೊಳಗೆ ಮಾತ್ರ ಉಪವಾಸ ಕೂತಿದೆ!"

"ಉಪವಾಸ ಅಂದ್ರೆ ತಿನ್ನೋಕೆ ಏನೂ ಸಿಕ್ಕಿಲ್ಲ ಅಂತ ತಾನೆ? ಆ ಜಾಡಿ ತಗೊಂಡು ಬಾ."

ಲೈಲ್ ತಂದನು, ಒಂದಲ್ಲ, ಎರಡು. ಎರಡರಲ್ಲೂ ಬಿಳಿ ಪುಡಿ. ಎರಡರ ಮೇಲೂ ಅವನ ದುಂಡಾದ ಪೆನ್ಸಿಲ್ ಅಕ್ಷರದಲ್ಲಿ ಒಂದೇ ಬರಹ: ಐನೂರು ಗ್ರಾಂ.

"ಹೆಸರು ಎಲ್ಲಿ?"

"ತೂಕ ಬರ್ದಿದೀನಲ್ಲ," ಎಂದ ಲೈಲ್, ಹೇಳುತ್ತಿದ್ದಂತೆಯೇ ನಿಂತನು. ಗೋಪುರಗಳ ಬಳಿ ಗೋಧಿಗೊಂದು ಗೋಪುರ, ಬಾರ್ಲಿಗೊಂದು ಗೋಪುರ. ಯಾವುದೆಂದು ಬರೆಯುವ ಕೆಲಸ ಎಂದೂ ಇರಲಿಲ್ಲ. ಮೂವತ್ತನಾಲ್ಕು ವರ್ಷ ಅವನು ಬರೆದದ್ದು ತೂಕವೊಂದನ್ನೇ.

ವರ್ನಾ ಬೆರಳು ಅದ್ದಿ ನಾಲಿಗೆಗಿಟ್ಟಳು. "ಇದು ಸಿಹಿ." ಇನ್ನೊಂದಕ್ಕೆ ಅದ್ದಿದಳು. "ಇದು ಸುಣ್ಣದ ಗೋಡೆ ನೆಕ್ಕಿದ ಹಾಗಿದೆ. ಸೀಸೆಗೆ ಯಾವುದರಿಂದ ಹಾಕ್ದೆ?"

"ಕೈಗೆ ಹತ್ತಿರ ಇದ್ದದ್ದರಿಂದ," ಎಂದು ಲೈಲ್ ಎರಡನೆಯದನ್ನು ತೋರಿಸಿದನು. ಆಮೇಲೆ ಅವನಿಗೆ ನಗು ಬಂದಿತು. ಕುಳಿತುಕೊಂಡು ಕಣ್ಣೊರೆಸಿಕೊಳ್ಳುವಷ್ಟು ಬಂದಿತು. "ಮೂಸೂ ನೋಡಲ್ಲ ಅಂದಿದ್ಲು ಗ್ಲೆನಿಸ್. ಮೂರು ವಾರ ಯೀಸ್ಟು ಈ ಪುಡಿ ಎದುರಿಗೇ ಕೂತು ಮೂಸಿಲ್ಲ ನೋಡು! ನಿಜ ಹೇಳಿದಾಳೆ ಆಕೆ!"

"ನಗು ಆಮೇಲೆ. ಈಗ ಸಿಹಿ ಪುಡಿ ಹಾಕಿದ್ರೆ ಒಂಬತ್ತು ದಿನದಲ್ಲಿ ಗುಳ್ಳೆ ಏಳುತ್ತಾ?"

"ಈ ಚಳೀಲಿ ಏಳಲ್ಲ. ಬೆಚ್ಚಗಿದ್ರೆ ಏಳಬಹುದು."

"ಹಾಗಾದ್ರೆ ನನ್ನ ಕರೆಂಟಿನ ಹೊದಿಕೆ ತಗೊಂಡು ಹೋಗು."

"ನಿನ್ನ ಸೊಂಟಕ್ಕೆ ಬೇಡ್ವಾ?"

"ಬಿಸಿನೀರಿನ ಚೀಲ ಇದೆ. ಆ ಇಳಿಜಾರಿನ ಮೇಲೆ ದಿನಾ ಓಡಾಡೋಳು ನಾನು ತಾನೆ? ನನ್ನ ಪಾಲಿನ ಥ್ಯಾಂಕ್ಸೂ ಅದರೊಳಗೆ ಹೋಗ್ಲಿ."

ಅಂದೇ ಒಂದೊಂದು ಬಿರಡೆಯನ್ನೂ ಕಿತ್ತು, ಸಿಹಿಯಾದ ಪುಡಿಯನ್ನು ಚಮಚ ಚಮಚವಾಗಿ ಹಾಕಿ, ಹೊಸ ಬಿರಡೆ ಒತ್ತಿ, ಸೀಸೆಗಳನ್ನು ಎಳೆಗೂಸುಗಳಂತೆ ಹೊದಿಕೆಯಲ್ಲಿ ಸುತ್ತಿಟ್ಟರು. ಎಂಟು ದಿನ ಲೈಲ್ ಒಂದನ್ನೂ ತೆರೆಯಲಿಲ್ಲ. ತೆರೆದರೆ ಒಂದು ಕಡಿಮೆಯಾಗುತ್ತದೆಂಬುದು ಅವನು ಹೇಳಿದ ಕಾರಣ. ಭಯವೇ ನಿಜವಾದ ಕಾರಣ.

ಒಂಬತ್ತನೆಯ ದಿನದ ಬೆಳಗಿನಲ್ಲಿ ಪ್ಯಾಸ್ಕೊ ಕ್ಯಾರವಾನಿಗೆ ಹಗ್ಗ ಬಿಗಿಯುತ್ತಿದ್ದನು. ವರ್ನಾಳ ತೊಡೆಯ ಮೇಲೆ ಪೆಟ್ಟಿಗೆಯಿಟ್ಟು, ಕುರ್ಚಿಯನ್ನು ತಳ್ಳಿಕೊಂಡು ಲೈಲ್ ಹೋದನು. ಪೆಟ್ಟಿಗೆಯನ್ನು ಕಂಡು ಪ್ಯಾಸ್ಕೊನ ಮುಖಕ್ಕೆ ಸಭ್ಯತೆಯ ನಗು ಬಂದಿತು.

"ಯಾಕೆ ಮಾರಾಯ ಇಷ್ಟೆಲ್ಲ ತೊಂದರೆ..."

"ಇಲ್ಲೇ ಕುಡಿ. ನನ್ನ ಮುಂದೇನೇ. ಈ ಸಲ ನಿಜ ಹೇಳು."

"ಬೆಳಗ್ಗೆ ಒಂಬತ್ತು ಗಂಟೆ ಕಣೋ!"

"ನಾನೇ ಬೇಡ ಅಂತಿಲ್ಲ, ನಿನಗೇನಪ್ಪಾ?" ಎಂದಳು ವರ್ನಾ.

ಬಿರಡೆ ತೆರೆಯಿತು. ಸುಯ್ ಎಂದು ನೀಳವಾದ ಉಸಿರು ಕೇಳಿತು. ಲೈಲ್ ಕಣ್ಣು ಮುಚ್ಚಿಕೊಂಡನು. ಲೋಟದಲ್ಲಿ ನೊರೆ ಎದ್ದು, ಬೀಳದೆ ನಿಂತಿತು. ಪ್ಯಾಸ್ಕೊ ಒಂದು ಗುಟುಕು ಕುಡಿದು ಲೋಟವನ್ನು ನೋಡಿದನು, ಲೈಲನನ್ನು ನೋಡಿದನು, ಮತ್ತೆ ಕುಡಿದನು. ಲೋಟ ಬರಿದಾದ ಮೇಲೆ ಮೀಸೆಯನ್ನು ತೋಳಿನಿಂದ ಒರೆಸಿಕೊಂಡು ಕ್ಯಾರವಾನಿನ ಹಿಂಬಾಗಿಲು ತೆರೆದು ಒಳಗೆ ಇಣುಕಿದನು. ಒಳಗೆ ಬೆರಳು ತೂರುವಷ್ಟೂ ಎಡೆಯಿರಲಿಲ್ಲ. ಬಡಗಿಯಾದವನು ಎಲ್ಲಿಗೆ ಹೋದರೂ ಬಿಟ್ಟುಹೋಗದ ತನ್ನ ಹತಾರಗಳ ಪೆಟ್ಟಿಗೆಯನ್ನು ಎರಡು ಕೈಯಿಂದ ಎಳೆದು ನೆಲಕ್ಕಿಳಿಸಿ, ಆ ಜಾಗದಲ್ಲಿ ಬಿಯರಿನ ಪೆಟ್ಟಿಗೆಯನ್ನು ಕೂರಿಸಿ, ಅಲುಗದಂತೆ ತನ್ನ ಉಣ್ಣೆಯ ಅಂಗಿಯನ್ನು ಸುತ್ತ ತುರುಕಿದನು.

"ನಾನು ಬರೋವರೆಗೂ ಇದನ್ನ ನೀನೇ ಇಟ್ಕೊಂಡಿರು," ಎಂದು ಹತಾರಗಳನ್ನು ಲೈಲನ ಕಡೆ ತಳ್ಳಿದನು. "ಈ ಬಿಯರ್ ದಾರೀಲಿ ಯಾರು ಕೇಳಿದ್ರೂ ಕೊಡಲ್ಲ ಕಣೋ. ಒಂದು ತೊಟ್ಟೂ ಕೊಡಲ್ಲ."

ಲೈಲ್ ನ್ಯಾನ್ಕಿವೆಲ್ಲನಿಗೆ ತುಂಬು ಆಯುಸ್ಸಿರಲಿ. ಅವನ ಕೌತುಕ ಎಂದೂ ಬತ್ತದಿರಲಿ. ವರ್ನಾಳ ಸೊಂಟಕ್ಕೆ ಬಲ ಬರಲಿ, ಅವಳ ಹಾಸಿಗೆ ಚಳಿಗಾಲದುದ್ದಕ್ಕೂ ಬೆಚ್ಚಗಿರಲಿ. ಆ ಮನೆಯ ಬಾಗಿಲಿಗೆ ನೆರೆಹೊರೆಯವರು ನಿಜವನ್ನೇ ನುಡಿಯುತ್ತ ಬರಲಿ, ಒಳಗಿರುವವರು ನಗುತ್ತ ಬರಮಾಡಿಕೊಳ್ಳಲಿ. ಎಲ್ಲರನ್ನೂ ತೂಗುವ ಆ ಕರುಣಾಳು ತಕ್ಕಡಿಯಲ್ಲಿ ಅವರ ಕಡೆಯ ತಟ್ಟೆಯನ್ನು ಒಂದಿಷ್ಟು ಹೆಚ್ಚಾಗಿಯೇ ಬಾಗಿಸಲಿ.