ಲಾವಕ್ಕಿಯ ಮುಂದೆ ಬಡಿದ ತಾಟು

ಇವತ್ತು ಅವ್ವ ರೊಟ್ಟಿ ಬಡಿಸಿದ್ದು ಆ ತಗ್ಗುಬಿದ್ದ ಸ್ಟೀಲ್ ತಾಟಿನಲ್ಲಿ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಿಂದ ವಿಜ್ಞಾನಕ್ಕೆ ಸಂದ ಏಕೈಕ ಉಪಕರಣ ಅದು. ಪಲ್ಯದ ಎಣ್ಣೆಯೆಲ್ಲ ಆ ತಗ್ಗಿನಲ್ಲೇ ನಿಲ್ಲುತ್ತದೆ.

ಆ ತಗ್ಗು ಬಿದ್ದ ಕಾಲಕ್ಕೆ ಅಕ್ಕ ಲಾವಕ್ಕಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಕಮಲಾಪುರದ ಹೊಲಗಳಲ್ಲಿ ರಾತ್ರಿ ಅವನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು. ಮರುವರ್ಷ ಅದೇ ಹಕ್ಕಿ ಅದೇ ಹೊಲಕ್ಕೆ ಮರಳುತ್ತದೆ ಎಂಬುದು ಅವಳ ವಾದ. ವಾದ ಅಂದಮೇಲೆ, ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನಾನು ಸುಮ್ಮನಿರುತ್ತೇನೆಯೇ?

"ನಿನ್ನ ಹಕ್ಕಿ ಯಾರದರ ಸಾರಿನ್ಯಾಗ ಕುದ್ದು ಹೋಗಿರ್ತದ. ತಿರುಗಿ ಬರ್ತದ ಅನ್ನೋದಕ್ಕ ಸಬೂತ್ ಏನದ?"

"ಸಬೂತ್ ತರಾಕೇ ಹೊಂಟೀನಿ. ನೀ ಬಾಯಿ ಮುಚ್ಚಿ ತಾಟ ಬಡಿ."

ಕ್ರಮ ಇಷ್ಟು: ಹಣೆಗೆ ಕಟ್ಟಿದ ಬ್ಯಾಟರಿಯ ಬೆಳಕಿಗೆ ಹಕ್ಕಿ ಕುಳಿತಲ್ಲೇ ಮಂಕಾಗುತ್ತದೆ, ಬಲೆ ಹಿಡಿದು ಹಿಂದಿನಿಂದ ಬರುವವರ ಹೆಜ್ಜೆಯನ್ನು ತಾಟಿನ ಸದ್ದು ಮುಚ್ಚುತ್ತದೆ. ಅಷ್ಟು ಗದ್ದಲಕ್ಕೆ ಹಾರದ್ದು ಹೆಜ್ಜೆಗೆ ಹಾರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಕಲಬುರಗಿಯಿಂದ ಕಮಲಾಪುರದವರೆಗೆ, ಇಡೀ ಬಸ್ಸಿಗೆ ಕೇಳುವಂತೆ.

ಅಂದು ಹಕ್ಕಿ ಹಿಡಿಯುವ ಪರವಾನಗಿಯ ಕಡೆಯ ರಾತ್ರಿ. ಹಿಂದಿನ ವರ್ಷ ಉಂಗುರ ತೊಡಿಸಿದ ಹಕ್ಕಿ ಒಂದೂ ಸಿಕ್ಕಿರಲಿಲ್ಲ. ಸಿಗದಿದ್ದರೆ ಅಕ್ಕನ ವಾದಕ್ಕೆ ಆಧಾರವೇ ಇಲ್ಲ. ಹೆಸರುಕಾಳಿನ ಗಿಡ ಕಿತ್ತ ಹೊಲದಲ್ಲಿ ನಾನು ತಾಟು, ಸೌಟು ಹಿಡಿದು, ಹಣೆಯಲ್ಲಿ ಬೆಳಕು ಹೊತ್ತು, ಬಯಲಾಟದಿಂದ ತಪ್ಪಿಸಿಕೊಂಡು ಬಂದ ವೇಷದಂತೆ ನಡೆದೆ. ಬೆಳಕಿನಲ್ಲಿ ಒಂದು ಲಾವಕ್ಕಿ ಕಂಡಿತು. ಅದರ ಬೆನ್ನ ಹಿಂದೆ ಅಕ್ಕ ಬಲೆ ಎತ್ತಿದ್ದಳು. ಹಕ್ಕಿ ನನ್ನತ್ತ ಒಂದು ಹೆಜ್ಜೆ ಇಟ್ಟಿತು. ಕಾಲಲ್ಲಿ ಉಂಗುರ ಮಿನುಗಿತು.

ಸೋಲುವ ಅಭ್ಯಾಸ ನನಗಿರಲಿಲ್ಲ ನೋಡಿ. ಬಾಯಿ ತೆರೆದು ನಿಂತೆ, ಕೈಯೂ ನಿಂತಿತು. ಆ ನಿಶ್ಶಬ್ದದಲ್ಲಿ ಅಕ್ಕನ ಕಾಲ ಕೆಳಗೆ ಕಡ್ಡಿ ಮುರಿಯಿತು. ಹಕ್ಕಿ ಪುರ್ರನೆ ಹಾರಿತು, ಬಲೆ ಬರಿ ನೆಲಕ್ಕೆ ಬಿತ್ತು.

"ಯಾಕ ನಿಲ್ಲಿಸಿದಿ?"

"ಉಂಗುರ ಇತ್ತಕ್ಕ. ನಾ ಕಣ್ಣಾರೆ ನೋಡೀನಿ."

"ನಂಬರ್?"

ನಂಬರ್ ಓದದ ನಾನು ಹಣೆಯ ಬೆಳಕನ್ನು ಖಾಲಿ ನೆಲದ ಮೇಲೆ ಆಡಿಸಿದೆ.

"ಮತ್ತ ಸಬೂತ್ ಏನದ?" ಎಂದು ಅಕ್ಕ ತಾಟು ಕಸಿದುಕೊಂಡು ಕಲ್ಲಿಗೆ ಕುಕ್ಕಿದಳು.

ಆಮೇಲೆ ಅವಳು, ಲಾವಕ್ಕಿ ಎಲ್ಲಿಗೆ ಬರುತ್ತದೆ ಎಂಬುದನ್ನು ಬಿಟ್ಟು ಅದು ಏನು ತಿನ್ನುತ್ತದೆ ಎಂದು ಬರೆದು ಡಾಕ್ಟರಾದಳು. ಇವತ್ತು ತವರಿಗೆ ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದಳು.

"ಆ ಹಕ್ಕಿ ಖರೇನೇ ಬಂದಿತ್ತಕ್ಕ," ಎಂದೆ.

"ಬಂದಿರಬೇಕು. ರೊಟ್ಟಿ ತಿನ್ನು."

ಎದುರಾಳಿ ಯಾರಾದರೂ ಕಣ್ಣಾರೆ ಕಂಡೆ ಎಂಬಷ್ಟೇ ಆಧಾರ ಇಟ್ಟುಕೊಂಡು ವೇದಿಕೆ ಏರಿದ್ದರೆ ಎರಡು ಮಾತಿನಲ್ಲಿ ಕೂರಿಸುತ್ತಿದ್ದೆ. ಎಣ್ಣೆ ನಿಂತ ತಗ್ಗಿಗೆ ರೊಟ್ಟಿ ಅದ್ದಿ, ನಾನೇ ಸುಮ್ಮನೆ ಕುಳಿತೆ.