ಇಸ್ತ್ರಿ ಮನೆಗೆ ಬಂದ ಕಡಲಹಕ್ಕಿ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮಂಡಿನೋವು ಹತ್ತಿಕೊಂಡ ಮೇಲೆ ಆ ಕೆಲಸ ಬಿಟ್ಟಿದ್ದಾಳೆ. ಆದರೂ ಕಾದ ಬಟ್ಟೆಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಸಾಕು, ತೀರಿಹೋದ ಅತ್ತೆಯ ನೆನಪಾಗುತ್ತದೆ. ಬೆನ್ನಿಗೇ ಆ ಹಕ್ಕಿಯ ನೆನಪು.

ಮದುವೆಯಾದ ಹೊಸದು. ಗಂಡ ಹಡಗಿನಲ್ಲಿ ಅಡುಗೆಯವನು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಮುಂದಿನ ಕೋಣೆಯ ಉದ್ದನೆಯ ಮೇಜಿನ ಆ ತುದಿಗೆ ಅತ್ತೆ, ಈ ತುದಿಗೆ ಸೊಸೆ ನಿಂತು ಇಸ್ತ್ರಿ ಹಾಕುತ್ತಿದ್ದರು. "ಕಾಲರ್ ಸುಟ್ಟೀಯ, ಜೋಪಾನ" ಎನ್ನುವುದು ಬಿಟ್ಟರೆ ಅತ್ತೆ ತುಟಿ ಬಿಚ್ಚುತ್ತಿರಲಿಲ್ಲ.

ಹುಚ್ಚು ಗಾಳಿ ಬೀಸಿ ನಿಂತ ಒಂದು ಬೆಳಿಗ್ಗೆ ಅವಳು ಹೋಟೆಲಿನ ಚಾದರಗಳ ಗಂಟು ಹೊತ್ತು ಕಡಲ ದಂಡೆಯಲ್ಲಿ ಬರುತ್ತಿದ್ದಳು. ಅಲೆ ಬಿಟ್ಟುಹೋದ ಕಸದ ನಡುವೆ ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿಯೊಂದು ರೆಕ್ಕೆ ಚೆಲ್ಲಿ ಬಿದ್ದಿತ್ತು. ಕಾಗೆಗಳು ಸುತ್ತ ಕೂತು ಕಾಯುತ್ತಿದ್ದವು. ಹತ್ತಿರ ಹೋದರೆ ಕಣ್ಣಷ್ಟೇ ಮಿಟುಕಿಸಿತು, ಏಳುವ ತ್ರಾಣವಿರಲಿಲ್ಲ. ಹಿಂದುಮುಂದು ನೋಡದೆ ಚಾದರದಲ್ಲಿ ಸುತ್ತಿ ಎದೆಗವಚಿಕೊಂಡಳು.

ಅತ್ತೆ ಬಾಗಿಲಲ್ಲೇ ತಡೆದಳು. "ಬಟ್ಟೆ ತಾ ಅಂದ್ರೆ ಬೇಟೆ ತಂದಿದ್ದೀಯಲ್ಲೇ!"

"ಅತ್ತೇ, ಇನ್ನೂ ಜೀವ ಇದೆ."

"ಇದ್ರೆ? ಅದಕ್ಕೂ ಇಸ್ತ್ರಿ ಹಾಕ್ಬೇಕಾ?"

ಗೊಣಗುತ್ತಲೇ ಅತ್ತೆ ಬಟ್ಟೆಬುಟ್ಟಿ ಖಾಲಿ ಮಾಡಿದಳು. ಹಳೆಯ ಟವೆಲಿನ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿ, ಕೆನ್ನೆಗೆ ಒತ್ತಿ ಬಿಸಿ ನೋಡಿ, ಒಳಗೆ ಹಾಸಿದಳು. ಅಂದು ಹಕ್ಕಿ ಏನೂ ಮುಟ್ಟಲಿಲ್ಲ. ಮರುದಿನ ಅತ್ತೆ ಮೀನನ್ನು ಎಳೆಯೆಳೆಯಾಗಿ ಸೀಳಿ ಹಿಡಿದಾಗ ಮೀನಿನ ಜೊತೆ ಅವಳ ಬೆರಳನ್ನೂ ಕಚ್ಚಿತು.

"ಅಯ್ಯೋ, ಥೇಟ್ ನಿನ್ನ ಗಂಡ! ಹಸಿವಾದ್ರೆ ಹೀಗೇ ಕಚ್ಚೋನು" ಎಂದು ಅತ್ತೆ ನಕ್ಕುಬಿಟ್ಟಳು. ಸೊಸೆ ಆ ನಗು ಕೇಳಿದ್ದು ಅದೇ ಮೊದಲು. ನಗು ನಿಂತ ಮೇಲೆ ಅತ್ತೆ ಮೆಲ್ಲಗೆ, "ಈ ಗಾಳೀಲಿ ಅವನೆಲ್ಲಿದ್ದನೋ" ಎಂದಳು. ಸೊಸೆಯೂ ಅದನ್ನೇ ನುಂಗಿಕೊಂಡು ಕೂತಿದ್ದಳು. ಆಮೇಲೆ ಮೇಜಿನ ಎರಡು ತುದಿಗಳ ನಡುವೆ ಅವನ ಬಾಲ್ಯದ ತುಂಟಾಟಗಳೆಲ್ಲ ಒಂದೊಂದಾಗಿ ಹೊರಬಂದವು.

ಹಕ್ಕಿ ಚೇತರಿಸಿಕೊಂಡು, ಮಡಿಸಿಟ್ಟ ಅಂಗಿಗಳ ಮೇಲೆಲ್ಲ ಗಲೀಜು ಮಾಡತೊಡಗಿದಾಗ, ಇಬ್ಬರೂ ಬುಟ್ಟಿ ಹಿಡಿದು ದಂಡೆಗೆ ಹೋದರು. ಅದು ಮರಳಲ್ಲಿ ತಡವರಿಸುತ್ತ ಓಡಿ, ಗಾಳಿಗೆ ರೆಕ್ಕೆ ಕೊಟ್ಟು, ಅಲೆಗಳ ನೆತ್ತಿ ಸವರುತ್ತ ದೂರವಾಯಿತು.

"ತಿರುಗಿಯೂ ನೋಡ್ಲಿಲ್ಲ ನೋಡು" ಎಂದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಂಡ ಗಡ್ಡ ಬಿಟ್ಟುಕೊಂಡು ಊರಿಗೆ ಬಂದ ದಿನ ಇಬ್ಬರೂ ಒಟ್ಟಿಗೇ ಹಕ್ಕಿಯ ಕಥೆ ಶುರುಮಾಡಿದರು. ಒಬ್ಬರ ಮಾತು ಇನ್ನೊಬ್ಬರು ಕಸಿದುಕೊಳ್ಳುವುದನ್ನು ಅವನು ಚೀಲವನ್ನೂ ಇಳಿಸದೆ ಬೆಪ್ಪನಂತೆ ನೋಡುತ್ತ ನಿಂತಿದ್ದ.