ವಿಶಾಲಮ್ಮನವರ ದಿಮ್ಮಿ ಕೋಣೆ

ಹೋದ ಭಾನುವಾರ ಬೆಳಿಗ್ಗೆ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಮಣ್ಣು ಬದಲಿಸುತ್ತಿದ್ದೆ. ಜಕ್ಕೂರಿನ ಈ ಏಳನೆಯ ಮಹಡಿಗೆ ಮಣ್ಣೂ ಹಾಲಿನ ಪ್ಯಾಕೆಟ್ಟಿನ ಹಾಗೆ ಸೀಲು ಹಾಕಿಸಿಕೊಂಡು ಲಿಫ್ಟಿನಲ್ಲಿ ಬರುತ್ತದೆ. ಚೀಲ ಕತ್ತರಿಸಿ ಕುಂಡಕ್ಕೆ ಸುರಿದು ನೀರು ಚಿಮುಕಿಸಿದೆ ನೋಡಿ, ಒಂದು ವಾಸನೆ ಎದ್ದಿತು. ಮೊದಲ ಮಳೆಯ ಕಂಪು ಎಂದುಕೊಳ್ಳಬೇಡಿ. ಅದನ್ನು ಹೊಗಳುವವರು ಬೇಕಾದಷ್ಟು ಜನರಿದ್ದಾರೆ. ಇದು ಹುಲ್ಲು ನೆನೆದು, ಹುಳಿತು, ಹಳೆಯ ದೋಸೆಹಿಟ್ಟಿನ ಜೊತೆ ಸ್ನೇಹ ಬೆಳೆಸಿದಂಥ ವಾಸನೆ. ಮೂಗು ಮುಚ್ಚಿಕೊಳ್ಳಬೇಕಾದವಳು ಕುಂಡದ ಮೇಲೆ ಬಗ್ಗಿ ಇನ್ನೊಮ್ಮೆ ಉಸಿರೆಳೆದುಕೊಂಡೆ. ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ನನ್ನನ್ನು ನೋಡಿ ಬೇಗಬೇಗ ಒಳಗೆ ಹೋದರು. ಅವರ ತಪ್ಪೇನಿಲ್ಲ.

ನಾನು ಗದಗದ ಕಡೆಯವಳು. ಯಲಹಂಕದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿ ಬಂದಾಗ ಅಟ್ಟೂರಿನಲ್ಲಿ ವಿಶಾಲಮ್ಮನವರ ಮನೆಯ ಮೇಲಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ವಿಶಾಲಮ್ಮ ಗಣಿತದ ಟೀಚರಾಗಿ ನಿವೃತ್ತರಾದವರು. ಅವರ ಯಜಮಾನರು ಶಿವರಾಮಯ್ಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾಗಿ, ಮನೆಯಲ್ಲಿ ಕೆಡದೇ ಇರುವ ವಸ್ತುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಾ ಕಾಲ ಕಳೆಯುತ್ತಿದ್ದರು. ನನ್ನ ಸೀಲಿಂಗ್ ಫ್ಯಾನು ಅವರ ಕೈಗೆ ಸಿಕ್ಕ ಮೇಲೆ ಉಲ್ಟಾ ತಿರುಗತೊಡಗಿತು. "ಗಾಳಿ ಬರುತ್ತಲ್ಲಾ, ಬಿಡಿ" ಎಂದಿದ್ದರು.

ನಿವೃತ್ತಿಯಾದ ಮಾರನೆಯ ತಿಂಗಳು ವಿಶಾಲಮ್ಮ ಒಂದು ಸ್ಯಾಕ್ಸೊಫೋನ್ ಕೊಂಡುತಂದರು. ಹೌದು, ಸ್ಯಾಕ್ಸೊಫೋನೇ. ಚಿನ್ನದ ಬಣ್ಣದ, ಆನೆಯ ಸೊಂಡಿಲಿನ ಹಾಗೆ ಬಾಗಿದ ಆ ವಾದ್ಯ ಮನೆಗೆ ಬಂದ ದಿನ ಅವರು ಅವರೆಕಾಯಿ ಸುಲಿಯುತ್ತಾ ನನಗೆ ಹಿನ್ನೆಲೆ ಹೇಳಿದರು. ಚಿಕ್ಕವರಿದ್ದಾಗ ಯಾವುದೋ ಮದುವೆಯಲ್ಲಿ ಓಲಗದವರ ಪಕ್ಕ ಹೋಗಿ ಕೂತಿದ್ದರಂತೆ. ಸ್ಯಾಕ್ಸೊಫೋನ್ ನುಡಿಸುವಾತ ನಕ್ಕು, ಒಂದು ಸಲ ಊದು ಎಂದು ಕೊಟ್ಟಿದ್ದನಂತೆ. ತುಟಿಗಿಡುವಷ್ಟರಲ್ಲಿ ದೊಡ್ಡಪ್ಪ ಬಂದು ಕೈಹಿಡಿದು ಎಳೆದುಕೊಂಡು ಹೋದರಂತೆ.

"ಅವತ್ತು ಊದ್ಬೇಕಾಗಿದ್ದ ಉಸಿರು ಇನ್ನೂ ಎದೇಲೇ ಇದೆ ಕಣಮ್ಮ" ಎಂದರು. ನಗುತ್ತಲೇ ಹೇಳಿದರು. ಆದರೆ ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ಮರೆತಿದ್ದರು.

ಆ ಉಸಿರು ಹೊರಬಂದಾಗ ಹೇಗಿತ್ತು ಎಂಬುದನ್ನು ಗೌರವಕ್ಕೆ ಕುಂದಾಗದಂತೆ ಹೇಳುವುದು ಕಷ್ಟ. ಕೆಸರಿನಲ್ಲಿ ಕಾಲು ಸಿಕ್ಕಿಸಿಕೊಂಡ ಎಮ್ಮೆಯ ಕೂಗನ್ನು ನೀವು ಕೇಳಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ವಾರಕ್ಕೆ ಎರಡು ಸಲ ಸಂಗೀತದ ಮೇಷ್ಟರೊಬ್ಬರ ಹತ್ತಿರ ಹೋಗಿ ಕಲಿತು ಬಂದು, ಬೆಳಿಗ್ಗೆ ತಿಂಡಿಯಾದ ಮೇಲೆ ನಡುಮನೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರು. ನಾನು ಕೆಲಸಕ್ಕೆ ಹೊರಟುಬಿಡುತ್ತಿದ್ದೆ. ಪಕ್ಕದ ಮನೆಯ ಪ್ರಕಾಶ ಎಲ್ಲಿಗೂ ಹೊರಡುವಂತಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಅವನು ಮಲಗುವ ಹೊತ್ತೂ ಅದೇ.

ಬಹಳ ದಿನ ಸಹಿಸಿಕೊಂಡು ಒಂದು ದಿನ ಬಾಗಿಲಿಗೆ ಬಂದ. ಕಣ್ಣು ದಾಸವಾಳದ ಹಾಗೆ ಕೆಂಪಗಿದ್ದವು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಈಗಷ್ಟೇ ಕಣ್ಣು ಹತ್ತಿರುತ್ತೆ, ನಿಮ್ ಪೀಪಿ ಶುರುವಾಗುತ್ತೆ. ನಿನ್ನೆ ಡ್ಯೂಟೀಲಿ ನಿಂತ್ಕೊಂಡೇ ತೂಕಡಿಸಿದೀನಿ."

ಅವನದು ಸುಳ್ಳಲ್ಲ. ವಿಶಾಲಮ್ಮ ವಾದ್ಯವನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಅಟ್ಟದ ಮೇಲಿಟ್ಟರು. ಪೀಪಿ ಎಂಬ ಮಾತು ನಾಟಿತ್ತೆಂದು ಕಾಣುತ್ತದೆ. ಅಡುಗೆಮನೆಯಲ್ಲಿ ಗುನುಗುವುದೂ ನಿಂತುಹೋಯಿತು. ಆ ಮನೆಯಲ್ಲಿ ಹೀಗೆ ಸದ್ದೇ ಇಲ್ಲದ ವಾರಗಳು ಕಳೆದವು. ಎಮ್ಮೆಯ ಕೂಗಿಗಾಗಿ ನಾನು ಹಂಬಲಿಸುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಶಿವರಾಮಯ್ಯನವರು ಹೆಂಡತಿಗೆ ಸಮಾಧಾನ ಹೇಳಿದ್ದನ್ನು ನಾನು ಕೇಳಿಲ್ಲ. ಅವರಿಗೆ ಬರುತ್ತಿದ್ದ ಭಾಷೆ ಸುತ್ತಿಗೆಯದು. ಹಿತ್ತಲಿನ ನೀಲಗಿರಿ ಮರಗಳು ತಂತಿಗೆ ತಾಗುತ್ತವೆಂದು ಕಡಿಸಿದ್ದ ದಿಮ್ಮಿಗಳು ಅಲ್ಲೇ ಬಿದ್ದಿದ್ದವು. ಒಂದು ದಿನ ಅಳತೆ ಟೇಪು ಹಿಡಿದು ಹೊರಟರು. ಕಲ್ಲಿನ ಜಗಲಿ ಕಟ್ಟಿ, ಅದರ ಮೇಲೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ, ಮೇಲೆ ದಪ್ಪ ಹಲಗೆ, ಅದರ ಮೇಲೆ ಹೆಂಚು ಹೊದಿಸಿ ಒಂದು ಕೋಣೆ ಎಬ್ಬಿಸಿಯೇಬಿಟ್ಟರು. ಅಭ್ಯಾಸಕ್ಕೆಂದೇ ಕೋಣೆ! ವಿಶಾಲಮ್ಮ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಣಿತದ ಟೀಚರಾಗಿ ಮತ್ತೊಮ್ಮೆ ನೋಡಿ, "ಇದೇನ್ರೀ ಇಷ್ಟೊಂದ್ ಸಂದು?" ಎಂದರು.

ನೀಲಗಿರಿ ದಿಮ್ಮಿಗಳು ನೇರವಾಗಿ ಇರುವುದಿಲ್ಲ. ಎರಡು ದಿಮ್ಮಿಗಳ ನಡುವೆ ಒಂದು ಕಡೆ ಬೆರಳು ತೂರುತ್ತಿದ್ದರೆ ಇನ್ನೊಂದು ಕಡೆ ಬೆಕ್ಕು ತೂರುತ್ತಿತ್ತು. ಆದರೂ ವಾದ್ಯ ಅಟ್ಟದಿಂದ ಇಳಿಯಿತು. ಅವರು ಒಳಗೆ ನಿಂತು ಊದಿದರು. ಎರಡು ನಿಮಿಷದಲ್ಲಿ ಕಾಂಪೌಂಡಿನ ಮೇಲೆ ಪ್ರಕಾಶನ ತಲೆ ಕಾಣಿಸಿಕೊಂಡಿತು.

"ಅಂಕಲ್, ನೀವು ಕಟ್ಟಿರೋದು ರೂಮೋ, ಸ್ಪೀಕರ್ರೋ?"

ಸಂದು ಮುಚ್ಚಬೇಕೆಂದಾಯಿತು. ಗಾರೆಯವನು ಬಂದು ನೋಡಿ, ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಸಿಮೆಂಟು ನಿಲ್ಲದೆ ಕಳಚುತ್ತದೆ ಎಂದು ಹೇಳಿ ಕಾಫಿ ಕುಡಿದು ಹೋದ. ಆಗ ನಾನು ಬಾಯಿಬಿಟ್ಟೆ. "ನಮ್ಮ ಕಡೆ ಮಣ್ಣು ಹುಲ್ಲು ಕಲಸಿ ಗೋಡಿಗೆ ಮೆತ್ತತಾರ್ರೀ." ಅಷ್ಟೇ ಹೇಳಿದ್ದು. ಗಂಡ ಹೆಂಡತಿ ಇಬ್ಬರೂ ನನ್ನತ್ತ ತಿರುಗಿದರು. "ಹಾಗಾದ್ರೆ ನೀವೇ ಮುಂದೆ ನಿಂತು ಮಾಡ್ಸಿ" ಎಂದರು ಶಿವರಾಮಯ್ಯ. ನಮ್ಮೂರಲ್ಲಿ ಅವ್ವ ಮೆತ್ತುವಾಗ ನಾನು ಮಾಡುತ್ತಿದ್ದ ಕೆಲಸವೆಂದರೆ ನೆರಳಲ್ಲಿ ಕೂತು ಪುಟಾಣಿ ಕಡಲೆ ತಿನ್ನುವುದು. ಆದರೆ ಉತ್ತರ ಕರ್ನಾಟಕದ ಮರ್ಯಾದೆ ಒಂದಿದೆಯಲ್ಲ. ಆಗಲಿ ಎಂದೆ.

ಎದುರಿನ ಸೈಟಿನಲ್ಲಿ ಪಾಯ ತೋಡಿದ್ದ ಕೆಂಪು ಮಣ್ಣನ್ನು ಕೇಳಿ ತಂದು, ನೀರು ಹಾಕಿ ನಾದಿ, ಸಂದಿಗೆ ತುಂಬಿದೆವು. ನೋಡಲು ಬಹಳ ಚೆನ್ನಾಗಿತ್ತು. ಒಂದೆರಡು ಬಿಸಿಲು ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಬಿರಿದು, ಬಾಗಿಲು ಹಾಕಿದ ಸದ್ದಿಗೇ ಪಟಪಟ ಉದುರಿತು. ಶಿವರಾಮಯ್ಯ ಒಂದು ಚೂರು ಎತ್ತಿಕೊಂಡು, "ನಿಮ್ ಕಡೆ ಮನೆಗಳೂ ಹಿಂಗೇನಾ?" ಎಂದು ಬಹಳ ವಿನಯದಿಂದ ಕೇಳಿದರು.

ಅವ್ವನಿಗೆ ಫೋನು ಮಾಡಿದೆ. ಆಕೆ ಮೊದಲು ಹೊಟ್ಟೆ ತುಂಬ ನಕ್ಕಳು. "ಬರೇ ಮಣ್ಣ ಮೆತ್ತಿದೇನ? ಅದರಾಗ ಉಸುಕ ಹಾಕಬೇಕ, ಹುಲ್ಲ ಹೆಚ್ಚಿ ಹಾಕಬೇಕ, ತುಳದು ತುಳದು ವಾಸನಿ ಬರೂ ಮಟಾ ಕೊಳಿಯಾಕ ಬಿಡಬೇಕ. ಓದಿದ ಹುಡುಗಿ ನೀ, ಪುಸ್ತಕದಾಗ ಇರಲಿಲ್ಲೇನ?"

ಹುಲ್ಲು ಕೇಳಲು ಹಳೇ ಅಟ್ಟೂರಿನಲ್ಲಿ ಹಸು ಸಾಕಿದ್ದ ಮುದುಕಿಯೊಬ್ಬರ ಮನೆಗೆ ಹೋದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಸೀಗೆ ಆಕೋ ಉಲ್ಲು ಗ್ವಾಡೆಗ್ಯಾಕವ್ವಾ? ಗ್ವಾಡೆ ಆಲು ಕೊಡ್ತದಾ?" ಎಂದು ನಗುತ್ತಲೇ ಒಂದು ಹೊರೆ ರಾಗಿ ಹುಲ್ಲು ಕೊಟ್ಟರು.

ಹಿತ್ತಲಿನಲ್ಲಿ ಗುಂಡಿ ಮಾಡಿ ಮಣ್ಣು, ಮರಳು, ಹುಲ್ಲು ಸುರಿದೆವು. ತುಳಿಯುವವರು ಬೇಕಿತ್ತು. ವಿಶಾಲಮ್ಮನವರಿಗೆ ಮಂಡಿನೋವು, ಶಿವರಾಮಯ್ಯನವರಿಗೆ ಜಾರುವ ಭಯ. ನಾನು ಸೀರೆ ಎತ್ತಿಕಟ್ಟಿ ಇಳಿದೆ. ಅಷ್ಟರಲ್ಲಿ ಕಾಂಪೌಂಡು ಹಾರಿ ಯಾರೋ ದೊಪ್ಪನೆ ಬಿದ್ದ ಸದ್ದು. ನೋಡಿದರೆ ಪ್ರಕಾಶ, ಪ್ಯಾಂಟು ಮೊಣಕಾಲಿಗೆ ಮಡಿಸಿಕೊಂಡು.

"ರಜಾ ಹಾಕಿದೀನಿ. ಈ ಗೋಡೆ ನಿಲ್ಲಬೇಕು ಅಂತ ನನಗಿಂತ ಜಾಸ್ತಿ ಯಾರಿಗಿದೆ ಹೇಳಿ?"

ಅವನು ತುಳಿದ ತುಳಿತವನ್ನು ಏನೆಂದು ಹೇಳಲಿ! ಕಳೆದುಕೊಂಡ ನಿದ್ದೆಯನ್ನೆಲ್ಲ ಆ ಗುಂಡಿಯಿಂದಲೇ ವಸೂಲು ಮಾಡುವವನ ಹಾಗೆ ತುಳಿದ. ಅವನ ಹೆಂಡತಿ ಶೋಭಾ ನೀರು ಹೊಯ್ಯಲು ಬಂದವಳು ಕಾಲು ಜಾರಿ ಗುಂಡಿಯಲ್ಲಿ ಕುಳಿತೇಬಿಟ್ಟಳು. ಎದ್ದರೂ ಇಷ್ಟೇ, ಕೂತರೂ ಇಷ್ಟೇ ಎಂದು ಅಲ್ಲೇ ಕೂತು ಕೈಯಲ್ಲಿ ಹಿಸುಕತೊಡಗಿದಳು. ಬೀದಿಯಲ್ಲಿ ಹೋಗುವವರು ಗೇಟಿನಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅದುವರೆಗೆ ಆ ಬೀದಿಯಲ್ಲಿ ನನಗೆ ಗೊತ್ತಿದ್ದದ್ದು ಮನೆಗಳ ಬಣ್ಣ ಮಾತ್ರ. ಅವತ್ತು ಹೆಸರುಗಳು ಗೊತ್ತಾದವು. ಯಾರ ಕಾಲು ಯಾರದೆಂದು ಗೊತ್ತಾಗದಷ್ಟು ಕೆಸರಿನಲ್ಲಿ ನಿಂತು ಪರಿಚಯ ಮಾಡಿಕೊಂಡರೆ ಬಿಗುಮಾನಕ್ಕೆ ಜಾಗವೆಲ್ಲಿ?

ಮಣ್ಣು ಕೊಳೆಯಲು ಬಿಟ್ಟ ದಿನಗಳಲ್ಲಿ ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡಿತು. ಆ ಹೊತ್ತಿಗೆ ಶಿವರಾಮಯ್ಯ ದಿಮ್ಮಿಗಳ ಅಂಚಿಗೆ ಸಾಲಾಗಿ ಮೊಳೆ ಹೊಡೆದು, ಮಣ್ಣಿಗೆ ಹಿಡಿತ ಸಿಗುವ ಹಾಗೆ ಅರ್ಧ ಹೊರಗೆ ಬಿಟ್ಟರು. ಬೆಕ್ಕು ತೂರುವಂಥ ಸಂದಿಗೆ ಮರದ ಚಕ್ಕೆ ಬಡಿದರು. ಆಮೇಲೆ ಎಲ್ಲರೂ ಸೇರಿ ಮೆತ್ತಿದೆವು. ಶೋಭಾ ಮತ್ತು ವಿಶಾಲಮ್ಮ ರಾಗಿಮುದ್ದೆಯ ಹಾಗೆ ಉಂಡೆ ಕಟ್ಟಿ ಸಂದಿಗೆ ಒತ್ತುತ್ತಿದ್ದರು. ನಾನು ಅಭ್ಯಾಸಬಲದಿಂದ ರೊಟ್ಟಿಯ ಹಾಗೆ ತಟ್ಟುತ್ತಿದ್ದೆ. "ತಟ್ಟಬಾರದು ಕಣ್ರೀ, ನೂಕ್ಬೇಕು!" ಎಂದು ಶೋಭಾ. "ನೂಕಿ ಏನ್ ಮಾಡ್ತೀರ್ರಿ, ಮ್ಯಾಲ ತಟ್ಟಲಿಲ್ಲಂದ್ರ ಕೂಡೂದಿಲ್ಲ" ಎಂದು ನಾನು. ಕಡೆಗೆ ಅವರು ನೂಕುವುದು, ನಾನು ತಟ್ಟುವುದು ಎಂದು ರಾಜಿಯಾಯಿತು. ಒಣಗಿದ ಮೇಲೂ ಗೋಡೆ ಬಿರಿಯಲಿಲ್ಲ. ಕೂದಲೆಳೆಯಷ್ಟು ಬಿಟ್ಟಲ್ಲಿ ತೆಳ್ಳಗೆ ಮತ್ತೊಮ್ಮೆ ಸವರಿದೆವು. ಬಾಗಿಲಿಗೆ ಒಳಗಡೆಯಿಂದ ಹಳೆಯ ರಜಾಯಿ ತೂಗುಹಾಕಿದೆವು.

ಪರೀಕ್ಷೆಯ ದಿನ ಬಂತು. ಪ್ರಕಾಶ ರಾತ್ರಿ ಪಾಳಿ ಮುಗಿಸಿ ಬಂದು ತನ್ನ ಮಂಚದ ಮೇಲೆ ಮಲಗಬೇಕು. ವಿಶಾಲಮ್ಮ ದಿಮ್ಮಿ ಕೋಣೆಯಲ್ಲಿ ಊದಬೇಕು. ಕೇಳಿಸಿದರೆ ಅವನು ಕೂಗಿ ಹೇಳಬೇಕು. ನಾವು ಅವನ ಕಿಟಕಿಯ ಕೆಳಗೆ ನಿಲ್ಲಬೇಕು. ಕೋಣೆಯೊಳಗೆ ಹೋಗುವ ಮುಂಚೆ ವಿಶಾಲಮ್ಮ ನನ್ನ ಕೈ ಹಿಡಿದರು. "ಅವನಿಗೆ ಕೇಳಿಸ್ತು ಅಂದ್ರೆ ಮತ್ತೆ ಮುಟ್ಟಲ್ಲ. ಯಾರ ನಿದ್ದೇನೂ ಕೆಡಿಸಿ ನಂಗೆ ಸಂಗೀತ ಬೇಡ" ಎಂದರು. ರಜಾಯಿ ಸರಿಸಿ ಬಾಗಿಲು ಹಾಕಿಕೊಂಡರು.

ಕಿಟಕಿಯ ಕೆಳಗೆ ಹೋಗಿ ಕಾದೆವು. ದೂರದಲ್ಲಿ ಎಲ್ಲೋ ಕಂಬಳಿ ಹೊದ್ದು ಯಾರೋ ಗುನುಗಿದಷ್ಟು ಸದ್ದು; ಅದೂ ನಮಗೆ ಕೇಳಿಸಿತೋ, ಕಲ್ಪಿಸಿಕೊಂಡೆವೋ. ಪ್ರಕಾಶ ಕೂಗಲಿಲ್ಲ. ಮತ್ತೂ ಕಾದೆವು. ಶಿವರಾಮಯ್ಯ ತಡೆಯಲಾರದೆ, "ಲೋ ಪ್ರಕಾಶಾ, ಏನೋ ಸಮಾಚಾರ?" ಎಂದು ಪಿಸುಗುಟ್ಟಿದರು. ಒಳಗಿನಿಂದ ಉತ್ತರ ಬಂತು: ಭರ್ಜರಿಯಾದ, ಎಳೆದೆಳೆದು ಬಿಡುವ ಗೊರಕೆ!

ಶಿವರಾಮಯ್ಯ ಹಿತ್ತಲಿಗೆ ಓಡಿದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ಮತ್ತೆ ಕಂಡಿಲ್ಲ. ಬಾಗಿಲು ತೆರೆದು, "ವಿಶಾಲೂ, ಮಲ್ಕೊಂಬಿಟ್ಟ ಕಣೇ!" ಎಂದರು. ವಿಶಾಲಮ್ಮ ವಾದ್ಯವನ್ನು ಎದೆಗವಚಿಕೊಂಡು ನಿಂತಲ್ಲೇ ನಗತೊಡಗಿದರು. ಶೋಭಾ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಗಂಡ ಎದ್ದುಬಿಟ್ಟಾನು ಎಂದು.

ಆಮೇಲೆ ನಾನು ಮದುವೆಯಾಗಿ ಜಕ್ಕೂರಿಗೆ ಬಂದೆ. ಅಟ್ಟೂರು ದೂರವೇನಲ್ಲ. ಆದರೂ ಹೋಗಿ ಬಹಳ ದಿನವಾಗಿತ್ತು. ಭಾನುವಾರ ಆ ವಾಸನೆ ಎದ್ದ ಮೇಲೆ ಫೋನು ಮಾಡಿದೆ. ಶಿವರಾಮಯ್ಯ ಎತ್ತಿದರು. "ಮಳೆಗೆ ಪಶ್ಚಿಮದ ಗೋಡೆ ಸ್ವಲ್ಪ ಉದುರಿದೆ. ಮೊದ್ಲೇ ಕಲ್ಸಿ ಕೊಳೆಯೋಕೆ ಬಿಟ್ಟಿದ್ದ ಮಣ್ಣಿದೆ, ಇವತ್ತೇ ಮೆತ್ತೋಣ ಅಂತಿದೀನಿ. ಬರ್ತೀರಾ?" ಕುಂಡವನ್ನು ಅಲ್ಲೇ ಬಿಟ್ಟು ಹೊರಟೆ.

ಹಿತ್ತಲಿಗೆ ಹೋದಾಗ ಪ್ರಕಾಶ ಅಲ್ಲೇ ಇದ್ದ. ಈಗ ಅವನಿಗೆ ಹಗಲು ಪಾಳಿಯಂತೆ. ಉದುರಿದ ಸಂದಿನ ಪಕ್ಕ ಕಲ್ಲಿನ ಜಗಲಿಯ ಮೇಲೆ ಕೂತಿದ್ದ. ನಾನು ಮಣ್ಣಿನ ಉಂಡೆ ಹಿಡಿದು ಹೋದರೆ ಅಂಗೈ ಅಡ್ಡ ಇಟ್ಟ.

"ಮೇಡಂ, ಇದೊಂದು ಬಿಟ್ಬಿಡಿ. ವಾರಕ್ಕೊಂದಿನ ಕೇಳೋಣ ಅಂದ್ರೆ, ಏನ್ ಗಟ್ಟಿಯಾಗಿ ಮುಚ್ಚಿದೀರಾ ಎಲ್ಲಾ ಸೇರಿ!"

"ಮುಚ್ಚಿದ್ದು ನೀನೇ ಕಣೋ" ಎಂದರು ಶಿವರಾಮಯ್ಯ.

ಅಷ್ಟರಲ್ಲಿ ಒಳಗೆ ವಿಶಾಲಮ್ಮ ಶುರುಮಾಡಿದರು. ಸಂದಿನಿಂದ ಮೋಹನ ರಾಗ ಹೊರಬಂತು. ಅಲ್ಲಲ್ಲಿ ತಡವರಿಸುತ್ತಾ, ತಪ್ಪಿದಲ್ಲಿ ಹಿಂದೆ ಹೋಗಿ ಮತ್ತೆ ಹಿಡಿಯುತ್ತಾ, ಆದರೆ ತುಂಬು ಉಸಿರಿನಲ್ಲಿ. ನಾನು ಪ್ರಕಾಶನ ಪಕ್ಕ ಕೂತೆ. ಕೈಯಲ್ಲಿದ್ದ ಮಣ್ಣು ಬೆರಳುಗಳ ಸುತ್ತ ಬಿಗಿಯತೊಡಗಿತು.

"ಮಣ್ಣು ಒಣಗ್ತಿದೆ, ಬನ್ರೋ ಯಾರಾದ್ರೂ" ಎಂದು ಶಿವರಾಮಯ್ಯ ಕರೆದರು. ನಾವಿಬ್ಬರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಬಂದು ಕೂತರು.